ಉಸಿರಿನ ಗೆರೆಗಳು

"ಒಂದೇ ಒಂದು ಎಂದೆ" ಎಂದು ಓದಿ, ಉಸಿರು ಎಳೆದುಕೊಂಡು ಮುಂದಿನ ಪದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಆಚೆ ಮಾಮ ಕೈ ಎತ್ತಿದ. ನಿಲ್ಲಿಸು ಎಂದರ್ಥ.

"ಏನಾಯ್ತು ಮಾಮ? ಸರಿಯಾಗೇ ಓದಿದ್ನಲ್ಲ."

"ಸರಿಯಾಗೇ ಓದಿದ್ರಿ ಕಾನೂನಕ್ಕ." ಹೆಡ್‌ಫೋನಿನೊಳಗೆ ಅವನ ದನಿ ಕಿವಿಯಲ್ಲಿ ಗುಟ್ಟು ಹೇಳಿದಷ್ಟು ಹತ್ತಿರ ಕೇಳಿತು. "ಅದಕ್ಕೇ ವಾಪಸ್ ಬರ್ತಾ ಇದೆಯೋ ಏನೋ. ಒಂದು ಗುಟುಕು ನೀರು ಕುಡೀರಿ, ಮತ್ತೆ ಹೋಗೋಣ."

ಅವಳು ಬಿಸಿನೀರು ಕುಡಿದಳು. ಮೇಜಿನ ಮೇಲೆ ಬಿಚ್ಚಿಟ್ಟ ಬಳೆಗಳ ಪಕ್ಕ ಅರ್ಧ ತಿಂದ ಹುಳಿ ಸೇಬು ಇತ್ತು. ಬಾಯಿ ಒಣಗಿ ನಾಲಿಗೆ ಚಟ್ ಚಟ್ ಎನ್ನತೊಡಗಿದರೆ ಆ ಸದ್ದೆಲ್ಲ ಮೈಕು ಹಿಡಿದುಬಿಡುತ್ತದೆ. ಅದಕ್ಕೆ ಹುಳಿ ಸೇಬಿನ ಒಂದು ಕಚ್ಚು ಮದ್ದು. ಬಳೆ ಸದ್ದು ಮಾಡುತ್ತದೆ, ಗಂಜಿ ಹಾಕಿದ ಬಟ್ಟೆ ಸದ್ದು ಮಾಡುತ್ತದೆ, ಖಾಲಿ ಹೊಟ್ಟೆಯಂತೂ ಗುಡುಗುತ್ತದೆ. ಈ ಗೂಡಿನಂಥ ಕೋಣೆಯಲ್ಲಿ ಕೂತು ಓದುವವರು ತಮ್ಮ ಮೈಯನ್ನೇ ಸುಮ್ಮನಿರಿಸಲು ಕಲಿಯಬೇಕು. ಅವಳು ಅದನ್ನು ಕಲಿತು ಬಹಳ ಕಾಲವಾಗಿತ್ತು.

ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಕೇಂದ್ರ ಅದು. ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಪೇರಿಸಿಟ್ಟ ಓಣಿ ದಾಟಿದರೆ ಕೆಂಪು ದೀಪದ ಬಾಗಿಲು. ಇಲ್ಲಿ ಅವಳು ಓದಿದ್ದೆಲ್ಲ ಪರೀಕ್ಷೆಗೆ ಕೂರುವವರ ಪುಸ್ತಕಗಳು: ಆಸ್ತಿ ಕಾನೂನು, ಕರಾರು ಕಾನೂನು, ಸಾಕ್ಷ್ಯ ಕಾನೂನು. ನಡುವೆ ಬಾಯಿರುಚಿಗೆ ಎಂಬಂತೆ ಕೊಳಾಯಿ ರಿಪೇರಿಯ ಕೈಪಿಡಿಯೊಂದು. ಅವಳ ಧ್ವನಿ ಕೇಳಿ ವಕೀಲರಾದವರು ಊರಲ್ಲಿ ಕೆಲವರಿದ್ದಾರಂತೆ. ಹಾಗಾಗಿ ಅವಳು ಕಾನೂನಕ್ಕ. ಗಾಜಿನ ಆಚೆ ಕೂತು ಧ್ವನಿ ಹಿಡಿಯುವವನು ಎಲ್ಲರಿಗೂ ಮಾಮ, ಅವನಿಗಿಂತ ಹಿರಿಯರಿಗೂ ಮಾಮನೇ.

ಕವಿತೆ ಓದುವ ಹೆಂಗಸಿಗೆ ಗಂಟಲು ಕೆಟ್ಟು ಮಾತೇ ಹೊರಡದಂತಾದಾಗ ಈ ತೆಳ್ಳನೆಯ ಪುಸ್ತಕ ಅವಳ ಪಾಲಿಗೆ ಬಂದಿತ್ತು. ಅದರಲ್ಲೇನು, ಕಾನೂನಿಗಿಂತ ಪದ ಕಡಿಮೆ ಎಂದು ಅವಳು ತೆಗೆದುಕೊಂಡಳು. ಉಳಿದ ಪದ್ಯಗಳೆಲ್ಲ ಸಲೀಸಾಗಿ ಪಾಸಾದವು. 'ಬಿಡಾರ' ಎಂಬ ಈ ಒಂದು ಪದ್ಯ ಮಾತ್ರ ಮೇಲಿನ ತಪಾಸಣೆ ಕೋಣೆಗೆ ಹೋಗಿ ಹೋಗಿ ವಾಪಸು ಬರುತ್ತಿತ್ತು, ಸೊಸೆಗೆ ಹಿಡಿಸದ ಸೀರೆಯ ಹಾಗೆ.

ಇವತ್ತು ಅದನ್ನು ಮುಗಿಸಿಬಿಡಬೇಕೆಂದು ಬಂದಿದ್ದಳು. ಆದರೆ ಮನಸ್ಸು ಬೇರೆ ಕಡೆ ಇತ್ತು. ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ಚಿಕಿತ್ಸಾ ಕೇಂದ್ರದ ಕೌನ್ಸೆಲರ್ ಫೋನ್ ಮಾಡಿದ್ದರು. ತಂಗಿಯ ಚಿಕಿತ್ಸೆ ಮುಗಿಯುತ್ತ ಬಂದಿದೆ, ಈ ವಾರ ಬಿಡುತ್ತೇವೆ. ಒಬ್ಬಳೇ ಹಳೆಯ ಕೋಣೆಗೆ ಹಿಂತಿರುಗುವುದು ಒಳ್ಳೆಯದಲ್ಲ, ಅವಳು ನಿಮ್ಮ ಹೆಸರನ್ನೇ ಕೊಟ್ಟಿದ್ದಾಳೆ. "ನಿಮ್ಮ ಮನೇಲಿ ಇಟ್ಕೊಳ್ಳೋಕೆ ಆಗತ್ತಾ? ಸಂಜೆ ಒಳಗೆ ಹೇಳಿದ್ರೆ ಸಾಕು. ಆಗಲ್ಲ ಅಂದ್ರೂ ಪರವಾಗಿಲ್ಲ, ಬೇರೆ ವ್ಯವಸ್ಥೆ ಇದೆ."

ಆಗಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಸೋಪಿನ ಕೈಯಲ್ಲಿ ಹಿಡಿದಿದ್ದರಿಂದ ಫೋನ್ ಜಾರಿತು, ಅಷ್ಟರಲ್ಲಿ ಆ ಕಡೆಯವರು ಇಟ್ಟಿದ್ದರು. ಇಲ್ಲದಿದ್ದರೆ ಅಲ್ಲೇ ಹೇಳಿ ಮುಗಿಸುತ್ತಿದ್ದಳು. ಗಂಡನಿಗಂತೂ ಆಗಲ್ಲ ಎಂದು ಹೇಳಿಯೇ ಮನೆ ಬಿಟ್ಟಿದ್ದಳು.

"ಮಾಮ, ಏನು ತಪ್ಪು ಅಂತ ಹೇಳದೆ ವಾಪಸ್ ಕಳ್ಸಿದ್ರೆ ನಾನೇನು ಮಾಡ್ಲಿ? ತಪಾಸಣೆಯವರನ್ನೇ ಕೆಳಗೆ ಕರೀರಿ."

"ಕರೀಬೇಕಾಗಿಲ್ಲ, ಬಂದಾಯ್ತು," ಎಂದ ಮಾಮ. ಅವನ ಹಿಂದೆ ಬಾಗಿಲು ತೆರೆದು, ಕೋಲು ಮಡಚುತ್ತ ಆಪರೇಟರಮ್ಮ ಒಳಗೆ ಬಂದಳು.

ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು, ಹುಟ್ಟಿನಿಂದ ಕಣ್ಣು ಕಾಣದವಳು, ಈಗ ಇಲ್ಲಿ ಧ್ವನಿಮುದ್ರಣವಾದ ಪುಸ್ತಕಗಳನ್ನೆಲ್ಲ ಮೊದಲು ಕೇಳಿ ಪಾಸು ಮಾಡುವವಳು. ಮಾಮ ತನ್ನ ಕುರ್ಚಿ ಬಿಟ್ಟುಕೊಟ್ಟ. ಅವಳು ಮೈಕಿನ ಗುಂಡಿಯನ್ನು ತಡಕಿ ಒತ್ತಿದಳು.

"ಏನಮ್ಮ ತಾಯಿ, ಪದ್ಯಕ್ಕೆ ಬೈದು ಬೈದು ಸುಸ್ತಾಯ್ತಾ?"

"ನಾನೆಲ್ಲಿ ಬೈದೆ ಆಪರೇಟರಮ್ಮ?"

"ಬೈತಾ ಇದೀಯ. 'ಒಂದೇ ಒಂದು ಎಂದೆ' ಅಂತ ಹೇಳಿ ಒಂದು ಉಸಿರು ಬಿಡ್ತೀಯಲ್ಲ, ಆ ಉಸಿರಲ್ಲಿ ಬೈತೀಯ. ಆಹಾ, ಒಂದೇ ಒಂದಂತೆ ಮಹಾರಾಯರದ್ದು, ಅನ್ನೋ ಹಾಗೆ. ಪದ್ಯ ಹೇಳ್ತಿರೋ ಮನುಷ್ಯ ಯಾವನೋ, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ, ಪಾಪ ಅವನ ಮನೆ ಹೊತ್ತಿ ಉರೀತಾ ಇದೆ. ನೀನು ಪಕ್ಕದ ಮನೆಯವಳ ಥರ ಕಾಂಪೌಂಡಿನ ಮೇಲೆ ಕೈ ಊರಿಕೊಂಡು ಬುದ್ಧಿ ಹೇಳ್ತಾ ಇದೀಯ."

ಮಾಮ ನಗು ತಡೆಯಲು ಕೆಮ್ಮಿದ.

"ಕೇಳೋರಿಗೆ ಅರ್ಥ ಆಗ್ಲಿ ಅಂತ ನಿಲ್ಲಿಸಿ ಓದಿದೀನಿ," ಎಂದಳು ಅವಳು. ಮುಖ ಬಿಸಿಯಾಗಿತ್ತು.

"ಕೇಳೋರು ದಡ್ಡರಲ್ಲ ಕಣೇ. ಎಕ್ಸ್‌ಚೇಂಜಲ್ಲಿ ಕೂತವಳು ನಾನು. ಹಲೋ ಅಂದ್ರೆ ಸಾಕು, ಯಾರಿಗೆ ಯಾರ ಮೇಲೆ ಸಿಟ್ಟು ಅಂತ ತಿಳಿದುಬಿಡ್ತಿತ್ತು." ದನಿ ಒಮ್ಮೆಲೇ ತಗ್ಗಿತು. "ಮನೇಲಿ ಗಂಡ ಕುಡೀತಾನಾ?"

"ಅಯ್ಯೋ ರಾಮ! ಅವರು ಎರಡನೇ ಲೋಟ ಕಾಫಿಗೇ ಹಿಂದೆಮುಂದೆ ನೋಡೋರು."

"ಹಾಗಾದ್ರೆ ನನ್ನ ಲೈನು ರಾಂಗ್ ನಂಬರಿಗೆ ಹೋಯ್ತು. ಇರ್ಲಿ. ಕನೆಕ್ಷನ್ ಎಲ್ಲಿಗೋ ಇದೆ, ಅದು ಮಾತ್ರ ಗ್ಯಾರಂಟಿ."

ಆಪರೇಟರಮ್ಮ ಗುಂಡಿ ಬಿಟ್ಟಳು. ಗಾಜಿನ ಆಚೆ ಇಬ್ಬರೂ ಏನೋ ಮಾತಾಡಿಕೊಳ್ಳುವುದು ಕಂಡಿತು, ಕೇಳಲಿಲ್ಲ. ಮಾಮ ಒಂದು ಬೆರಳು ಎತ್ತಿ ಸ್ವಲ್ಪ ಹೊತ್ತು ಎಂದು ಸನ್ನೆ ಮಾಡಿದ.

ಅವಳು ಪುಸ್ತಕವನ್ನು ದೀಪದ ಕೆಳಗೆ ಎಳೆದುಕೊಂಡಳು.

ಒಂದೇ ಒಂದು ಎಂದೆ ಒಂದು ಕೇಳಿತು ನನಗೆ ಜೊತೆ ಯಾರು
ಜೊತೆ ಕೊಟ್ಟೆ ಎರಡೂ ಸೇರಿ ಕೂಗಿ ಕರೆದವು ಮತ್ತೊಂದನ್ನು
ಮನೆ ತುಂಬಿತು ಹೊರಗೆ ಉಳಿದೆ ನಾನು
ಕಿಟಕಿಯಲ್ಲಿ ಇಣುಕಿದರೆ ಒಳಗೆ ನನ್ನ ಅಂಗಿ ತೊಟ್ಟು
ನನ್ನ ತಟ್ಟೆಯಲ್ಲಿ ಉಣ್ಣುತ್ತ ಬಂದವರಿಗೆಲ್ಲ
ಚೆನ್ನಾಗಿದ್ದೇನೆ ಚೆನ್ನಾಗಿದ್ದೇನೆ ಎನ್ನುತ್ತಿದೆ
ಬಾಗಿಲು ತಟ್ಟಿದೆ ಯಾರು ಎಂದಿತು ನನ್ನದೇ ದನಿ

ಬರೆದವರು ಒಂದು ಅಲ್ಪವಿರಾಮವನ್ನೂ ಹಾಕಿರಲಿಲ್ಲ. ಆದರೆ ಹಾಳೆಯ ತುಂಬ ಪೆನ್ಸಿಲಿನ ಓರೆ ಗೆರೆಗಳಿದ್ದವು. ಅವು ಅವಳವು. ಯಾವ ಪುಸ್ತಕವೇ ಆಗಲಿ, ಓದುವ ಮುನ್ನಾದಿನ ಮನೆಯಲ್ಲಿ ಕೂತು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಗೆರೆ ಎಳೆದಿಟ್ಟುಕೊಳ್ಳುವುದು ಅವಳ ಪದ್ಧತಿ. ಕಾನೂನಿನ ವಾಕ್ಯ ಪುಟದಿಂದ ಪುಟಕ್ಕೆ ಹಬ್ಬುತ್ತದೆ, ಗೆರೆ ಇಲ್ಲದಿದ್ದರೆ ನಡುವೆಯೇ ಉಸಿರುಗಟ್ಟುತ್ತದೆ. ಈ ಪದ್ಯಕ್ಕೂ ಹಾಗೆಯೇ ಎಳೆದಿದ್ದಳು. ಆಗ ತಾನೇನು ಮಾಡುತ್ತಿದ್ದೇನೆಂದು ಯೋಚಿಸಿರಲಿಲ್ಲ. 'ಒಂದೇ ಒಂದು ಎಂದೆ' ಆದ ಮೇಲೆ ಒಂದು ಗೆರೆ. 'ಜೊತೆ ಕೊಟ್ಟೆ' ಆದ ಮೇಲೆ ಒಂದು. 'ಮನೆ ತುಂಬಿತು' ಆದ ಮೇಲೆ, ಸ್ವಲ್ಪ ಒತ್ತಿ, ಕಪ್ಪಾಗಿ.

ಈಗ ಆ ಗೆರೆಗಳನ್ನೇ ನೋಡುತ್ತ ಕೂತಳು. ಪದಗಳನ್ನು ಬಿಟ್ಟು ಗೆರೆಗಳನ್ನಷ್ಟೇ ಓದಿದರೆ ಅವು ಬೇರೇನೋ ಹೇಳುತ್ತಿದ್ದವು. ಇಲ್ಲಿ ನಿಲ್ಲಬಹುದಿತ್ತಲ್ಲ. ಹೋಗಲಿ, ಇಲ್ಲಾದರೂ ನಿಲ್ಲಬಹುದಿತ್ತಲ್ಲ. ಇಷ್ಟು ಆದಮೇಲಾದರೂ?

ಅದು ಅವಳು ತಂಗಿಗೆ ಮತ್ತೆ ಮತ್ತೆ ಆಡಿದ ಮಾತೇ ಆಗಿತ್ತು. ಒಂದು ಅಕ್ಷರ ಆಚೀಚೆ ಇಲ್ಲ.

ತಂಗಿ ಪುಟ್ಟಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ನೂರಾರು ಮಕ್ಕಳ ಅಡುಗೆ, ಇಬ್ಬರು ಹಿಡಿದು ಎತ್ತಬೇಕಾದ ಪಾತ್ರೆಗಳು. ಒಂದು ದಿನ ಜೊತೆಯವಳ ಕೈ ಜಾರಿ ಭಾರವೆಲ್ಲ ಪುಟ್ಟಿಯ ಸೊಂಟಕ್ಕೆ ಬಿತ್ತು. ವೈದ್ಯರು ನೋವಿನ ಮಾತ್ರೆ ಬರೆದುಕೊಟ್ಟರು. ಸೊಂಟ ವಾಸಿಯಾಯಿತು. ಮಾತ್ರೆ ಮಾತ್ರ ಬಿಡಲಿಲ್ಲ. ಮನೆಯವರು ಮೊದಲು ನಂಬಲಿಲ್ಲ. ಕುಡಿತವಾದರೆ ವಾಸನೆ ಬರುತ್ತದೆ, ತೂರಾಡುತ್ತಾರೆ, ಬೀದಿಗೆಲ್ಲ ಗೊತ್ತಾಗುತ್ತದೆ. ಇದು ಹಾಗಲ್ಲ. ಪುಟ್ಟಿ ನಗುನಗುತ್ತ, ತಲೆ ಬಾಚಿಕೊಂಡು, ಮಲ್ಲಿಗೆಯಂಥ ಬಟ್ಟೆ ಉಟ್ಟುಕೊಂಡು, ಒಳಗೊಳಗೇ ಮುಳುಗುತ್ತಿದ್ದಳು.

ಹಿಂದಿನ ಸಲ ಅವಳನ್ನು ಮನೆಗೆ ಕರೆತಂದು ಇಟ್ಟುಕೊಂಡಿದ್ದಾಯಿತು. ಅತ್ತೆಯ ಮಂಡಿನೋವಿನ ಮಾತ್ರೆಗಳು ಕಡಿಮೆಯಾಗತೊಡಗಿದವು. ಅತ್ತೆಗೆ ಮರೆವು, ಎರಡೆರಡು ಸಲ ನುಂಗುತ್ತಿರಬೇಕು ಎಂದು ಮನೆಯವರೆಲ್ಲ ಆ ಮುದುಕಿಯನ್ನೇ ಗದರಿದರು. ಆಮೇಲೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ದಾರ ಸುತ್ತಿದ ಬಾಬಿನ್‌ಗಳ ಡಬ್ಬಿಯೊಳಗೆ ಅವು ಸಿಕ್ಕವು. ಬಿಳಿ ದಾರದ ಕೆಳಗೆ ಬಿಳಿ ಮಾತ್ರೆಗಳು.

ಆವತ್ತು ಅವಳು ಕೂಗಾಡಲಿಲ್ಲ. ಮಾತ್ರೆಗಳನ್ನು ಮುಷ್ಟಿಯಲ್ಲಿ ಹಿಡಿದು, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಪುಟ್ಟಿ ಸ್ನಾನ ಮುಗಿಸಿ ಬರುವವರೆಗೆ ಕಾದಳು. ಬಂದ ಮೇಲೆ, ಬೆಣ್ಣೆಯಂಥ ದನಿಯಲ್ಲಿ ಕೇಳಿದಳು: "ಚೆನ್ನಾಗಿದೀಯೇನೇ ಪುಟ್ಟಿ?"

"ಚೆನ್ನಾಗಿದೀನಿ ಅಕ್ಕ."

ಆ ನಗು! ಕಣ್ಣಿಗೆ ಕಣ್ಣು ಕೊಟ್ಟು ನಕ್ಕ ನಗು. ಅವಳು ಮುಷ್ಟಿ ಬಿಚ್ಚಿ ತೋರಿಸಿದಳು. ಆಮೇಲೆ ಆಡಿದ ಮಾತುಗಳು ಈಗ ನೆನಪಿಲ್ಲ, 'ಸುಳ್ಳುಬುರುಕಿ' ಎಂಬುದೊಂದನ್ನು ಬಿಟ್ಟರೆ. ಮಾತ್ರೆ ತಿಂದದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು, ಅತ್ತೆಗೆ ಬೈಸಿದ್ದನ್ನೂ. ನುಂಗಲಾಗದೆ ಉಳಿದದ್ದು ಆ ಚೆನ್ನಾಗಿದೀನಿ. ತಾನೇ ಎತ್ತಿ ಆಡಿಸಿದ ಮಗು, ತನ್ನ ಮುಖಕ್ಕೆ ಮುಖ ಇಟ್ಟು, ಅಷ್ಟು ಸಲೀಸಾಗಿ! ಅದನ್ನು ನೆನೆದಾಗಲೆಲ್ಲ ಎದೆಯಲ್ಲಿ ಏನೋ ಗಟ್ಟಿಯಾಗಿ ಕೂರುತ್ತಿತ್ತು. ಇವತ್ತು ಬೆಳಿಗ್ಗೆ ನಾಲಿಗೆಯ ತುದಿಗೆ ಬಂದ 'ಆಗಲ್ಲ' ಕೂಡ ಅಲ್ಲಿಂದಲೇ ಎದ್ದು ಬಂದದ್ದು.

ಪೆನ್ಸಿಲಿನ ಹಿಂದೆ ರಬ್ಬರ್ ಇತ್ತು. ಅವಳು ಗೆರೆಗಳನ್ನು ಅಳಿಸತೊಡಗಿದಳು. ಮೊದಲನೆಯದು ಸುಲಭವಾಗಿ ಹೋಯಿತು. ಒತ್ತಿ ಎಳೆದದ್ದು ಹೋಗಲೊಲ್ಲದು, ಉಜ್ಜಿ ಉಜ್ಜಿ ಕಾಗದದಲ್ಲಿ ಸ್ವಲ್ಪ ಜುಂಗು ಎದ್ದಿತು. ರಬ್ಬರಿನ ಪುಡಿಯನ್ನು ಊದಿದಳು.

"ಅಕ್ಕ, ಇಲ್ಲಿ ಬಿರುಗಾಳಿ ಬಂತು," ಎಂದ ಮಾಮ.

"ಮೈಕ್ ಆನ್ ಇತ್ತಾ? ಹೇಳ್ಬಾರ್ದಾ!"

"ನಿಮ್ಮದು ಯಾವಾಗಲೂ ಆನೇ. ಓದ್ತೀರಾ?"

"ಓದ್ತೀನಿ. ನಡುವೆ ಕೈ ಎತ್ತಬೇಡಿ. ಏನಾದ್ರೂ ಆಗ್ಲಿ."

"ಉಸಿರು ಸಾಲದೆ ಬಂದ್ರೆ?"

"ಸಾಲದೆ ಬಂದ್ರೆ ಬರ್ಲಿ ಬಿಡಿ ಮಾಮ."

ಕೆಂಪು ದೀಪ ಹತ್ತಿತು. ಅವಳು ಹೊಟ್ಟೆ ತುಂಬ ಗಾಳಿ ಎಳೆದುಕೊಂಡು ಶುರು ಮಾಡಿದಳು. ಒಂದೇ ಒಂದು ಎಂದೆ ಒಂದು ಕೇಳಿತು. ನಿಲ್ಲಲು ಗೆರೆ ಇರಲಿಲ್ಲ. ಕಣ್ಣು ಅಭ್ಯಾಸಬಲದಿಂದ ಗೆರೆ ಹುಡುಕಿತು, ಸಿಗಲಿಲ್ಲ, ಅಷ್ಟರಲ್ಲಿ ನಾಲಿಗೆ ಮುಂದಿನ ಪದಕ್ಕೆ ಹೋಗಿಬಿಟ್ಟಿತ್ತು. ಜೊತೆ ಕೊಟ್ಟೆ ಎರಡೂ ಸೇರಿ. ಇಳಿಜಾರಿನಲ್ಲಿ ಕಾಲು ತಾನಾಗಿಯೇ ಓಡುವ ಹಾಗೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬೆರಳು ತೂರಿಸಲೂ ಜಾಗವಿಲ್ಲ. 'ನಿಲ್ಲಬಹುದಿತ್ತಲ್ಲ' ಎಂದು ತಾನು ಅಷ್ಟು ವರ್ಷ ಬೆರಳು ತೋರಿಸುತ್ತಿದ್ದ ಜಾಗ ಅಲ್ಲಿ ಇರಲೇ ಇಲ್ಲ. ಹೊರಗೆ ಉಳಿದೆ ನಾನು ಎನ್ನುವ ಹೊತ್ತಿಗೆ ಪಕ್ಕೆಗಳು ಬಿಗಿದವು. ಕಿಟಕಿ, ಅಂಗಿ, ತಟ್ಟೆ. ಎದೆಯಲ್ಲಿ ಗಾಳಿ ಮುಗಿಯುತ್ತ ಬಂತು.

ಚೆನ್ನಾಗಿದ್ದೇನೆ ಚೆನ್ನಾಗಿದ್ದೇನೆ ಎನ್ನುತ್ತಿದೆ.

ಮುಗಿದ ಉಸಿರಿನ ಕೊನೆಯಲ್ಲಿ ಆ ಪದ ತೆಳ್ಳಗೆ, ಸ್ವಲ್ಪ ಎತ್ತರದಲ್ಲಿ, ನಗುತ್ತ ಹೊರಬಂತು. ಅದು ಪುಟ್ಟಿಯ ದನಿ. ಹೆಡ್‌ಫೋನಿನಲ್ಲಿ ತನ್ನ ಬಾಯಿಯಿಂದಲೇ ಹೊರಟು ತನ್ನ ಕಿವಿಗೇ ಬಿದ್ದ ಪುಟ್ಟಿಯ ದನಿ. ಮುಳುಗುವವರು ನೀರಿನಿಂದ ಮೂತಿ ಮೇಲೆತ್ತಿ ಆಡುವ ಮಾತು ಅಷ್ಟೇ ಎತ್ತರದಲ್ಲಿ ಇರುತ್ತದೆ. ಅದನ್ನು ಅವಳು ಧೈರ್ಯ ಅಂದುಕೊಂಡಿದ್ದಳು, ಮೋಸ ಅಂದುಕೊಂಡಿದ್ದಳು, ಕೊಬ್ಬು ಎಂದು ಕೂಡ ಬೈದಿದ್ದಳು.

ಬಾಗಿಲು ತಟ್ಟಿದೆ ಯಾರು ಎಂದಿತು ನನ್ನದೇ ದನಿ. ಕೊನೆಯ ಪದಕ್ಕೆ ದನಿಯೇ ಇರಲಿಲ್ಲ, ಬರೀ ಗಾಳಿ.

ಪದ್ಯ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು, ಅದು ಇಲ್ಲಿನ ನಿಯಮ. ಪದ್ಯದಿಂದ ಪದ್ಯಕ್ಕೆ ನಡುವೆ ಹಾಕಲು ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳುತ್ತಾರೆ. ಅವಳು ಅಲುಗಾಡದೆ ಕೂತಳು. ನೆನಪಾಯಿತು: ಆ ಸಲ ಮನೆಯಲ್ಲಿದ್ದಾಗ ಪುಟ್ಟಿ ಎಷ್ಟೋ ಸಂಜೆ ಹೊರಗಿನಿಂದ ಬಂದು, ಕರೆಗಂಟೆ ಒತ್ತದೆ, ಬಾಗಿಲ ಹೊರಗೆ ಮೆಟ್ಟಿಲ ಮೇಲೆ ನಿಂತುಬಿಡುತ್ತಿದ್ದಳು. ಮೇಲಿನ ಕಿಟಕಿಯಿಂದ ನೋಡಿ, ಏನು ನಾಟಕ ಮಾಡ್ತಾಳೋ ಎಂದು ಇವಳು ಗೊಣಗಿದ್ದಳು. ಒಳಗೆ ಬರಲು ಯಾರನ್ನು ಕೇಳಬೇಕೆಂದು ತಿಳಿಯದವರ ಹಾಗೆ ನಿಂತಿದ್ದಳಲ್ಲ ಹುಡುಗಿ.

ಅಷ್ಟರಲ್ಲಿ, ಆ ಗಾಢ ಮೌನದ ನಟ್ಟನಡುವೆ, ಅವಳ ಹೊಟ್ಟೆ ಗುರ್ ಎಂದು ಉದ್ದಕ್ಕೆ ರಾಗ ತೆಗೆಯಿತು.

ಗಾಜಿನ ಆಚೆ ಮಾಮ ಮೇಜಿನ ಮೇಲೆ ತಲೆ ಇಟ್ಟು ನಗತೊಡಗಿದ. ಆಪರೇಟರಮ್ಮ ಗುಂಡಿ ಒತ್ತಿದಳು. "ಪದ್ಯಕ್ಕೆ ಉತ್ತರ ಬಂತಲ್ಲೇ!"

ಅವಳಿಗೂ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಅದನ್ನು ನಗುವಿನ ಲೆಕ್ಕಕ್ಕೇ ಹಾಕಿ ಸೆರಗಿನಲ್ಲಿ ಒರೆಸಿಕೊಂಡಳು. ಎಷ್ಟು ದಿನದಿಂದ ಬಿಗಿಹಿಡಿದಿದ್ದಳೋ, ಹೆಗಲೆರಡೂ ಒಮ್ಮೆಲೇ ಕೆಳಗಿಳಿದವು.

"ಪಾಸಾ ಆಪರೇಟರಮ್ಮ?"

"ಪದ್ಯ ಪಾಸು. ಹೊಟ್ಟೆ ಫೇಲು. ಆ ಮೌನ ಒಂದನ್ನ ಊಟ ಆದ್ಮೇಲೆ ಬಂದು ಕೊಟ್ಟು ಹೋಗು." ಎದ್ದು ಕೋಲು ಬಿಡಿಸುತ್ತ, ಏನೂ ಕೇಳದೆ, ಅವಳು ಮೆಟ್ಟಿಲ ಕಡೆ ನಡೆದಳು.

ಗ್ರಂಥಾಲಯದ ಹಿಂದೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಂದು ಕಲ್ಲುಬೆಂಚು. ಬುತ್ತಿ ತೆರೆಯುವ ಮೊದಲು ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವ ಕಟ್ಟಡದ ಯಾವ ಲಿಫ್ಟಿನ ಬಾವಿಯೊಳಗೆ ಇದ್ದನೋ, ದನಿ ಗುಂಯ್‌ಗುಟ್ಟಿತು.

"ರೀ, ಪುಟ್ಟಿನ ಮನೆಗೆ ಕರ್ಕೊಂಡು ಬರೋಣ ಅಂತಿದೀನಿ."

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು. "ಬೆಳಿಗ್ಗೆ ಆಗಲ್ಲ ಅಂತಿದ್ದೆ?"

"ಬೆಳಿಗ್ಗೆ ಅಂತಿದ್ದೆ."

"ಅಮ್ಮನ ಮಾತ್ರೆ?"

"ಬೀಗ ಇರೋ ಪೆಟ್ಟಿಗೆ ತರ್ತೀನಿ. ಕೀಲಿ ನಿಮ್ಮ ಹತ್ರ ಇರ್ಲಿ. ಪುಟ್ಟಿಗೂ ಮೊದಲೇ ಹೇಳ್ತೀನಿ, ಬೀಗ ಹಾಕಿರ್ತೀವಿ ಅಂತ. ಮುಚ್ಚುಮರೆ ಬೇಡ."

"ಕೀಲಿ ನನ್ನ ಹತ್ರನಾ? ನಾನು ಮನೆ ಕೀಲಿನೇ ವಾರಕ್ಕೊಂದು ಸಲ ಕಳ್ಕೊಳ್ಳೋನು."

"ಅದಕ್ಕೇ. ಕಳೆದುಹೋಗಿದ್ದನ್ನ ಯಾರೂ ಕದಿಯೋಕಾಗಲ್ಲ."

ಅವನು ನಕ್ಕ. ಬಾವಿಯ ತುಂಬ ಆ ನಗು ಸುತ್ತಿತು. "ಸರಿ ಬಿಡು. ಹೊಲಿಗೆ ಯಂತ್ರ ಈಚೆ ಎಳೆದು ಅಲ್ಲಿ ಮಂಚ ಹಾಕ್ತೀನಿ. ಅಮ್ಮನಿಗೆ ನೀನೇ ಹೇಳು ಮಾತ್ರ, ನನ್ನ ಕೈಲಾಗಲ್ಲ."

ಅತ್ತೆಗೆ ಹೇಳುವುದು ಕಷ್ಟವೇನಲ್ಲ. ಮಾತ್ರೆ ಸಿಕ್ಕ ದಿನ ಅತ್ತೆ ಆಡಿದ್ದು ಒಂದೇ ಮಾತು. "ಸದ್ಯ, ನಂಗೆ ಮರೆವು ಬಂದಿಲ್ಲ." ಆಮೇಲೆ ಪುಟ್ಟಿಗೆ ಎಂದಿನಂತೆ ಬಡಿಸಿದ್ದರು.

ಚಿಕಿತ್ಸಾ ಕೇಂದ್ರಕ್ಕೆ ಫೋನ್ ಮಾಡಿದಾಗ ಕೌನ್ಸೆಲರ್ ತಕ್ಷಣ ಎತ್ತಿಕೊಂಡರು. ಕಳಿಸಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ ಎಂದಳು. ಅವರು ನಿಯಮಗಳನ್ನೆಲ್ಲ ಹೇಳಿದರು: ತಪಾಸಣೆಗೆ ಕರೆತರಬೇಕು, ಒಂಟಿಯಾಗಿ ಬಿಡಬಾರದು, ಮತ್ತೆ ಜಾರಿದರೆ ಗಾಬರಿಯಾಗದೆ ಫೋನ್ ಮಾಡಬೇಕು. "ಮತ್ತೆ ಜಾರಿದರೆ" ಎಂಬ ಮಾತಿಗೆ ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಜಾರಬಹುದು. ಪದ್ಯ ಓದಿದ ಮಾತ್ರಕ್ಕೆ ಪುಟ್ಟಿಯ ಕಾಲಡಿ ನೆಲ ಒಣಗಿಬಿಡುವುದಿಲ್ಲ, ಅಷ್ಟು ಅವಳಿಗೂ ಗೊತ್ತಿತ್ತು.

"ಇಲ್ಲೇ ಪಕ್ಕದಲ್ಲಿದಾರೆ, ಮಾತಾಡ್ತೀರಾ?"

ಉತ್ತರಿಸುವ ಮೊದಲೇ ಫೋನ್ ಕೈ ಬದಲಾಯಿತು. "ಅಕ್ಕ," ಎಂದಿತು ಆ ಕಡೆಯ ದನಿ.

ಅಕ್ಕನ ನಾಲಿಗೆ ಹಳೆಯ ದಾರಿಯಲ್ಲೇ ಹೊರಟಿತ್ತು. ಚೆನ್ನಾ ಎನ್ನುವವರೆಗೆ ತುಟಿಗೆ ಬಂದೂಬಿಟ್ಟಿತ್ತು. ಅವಳು ಬಾಯಿ ಮುಚ್ಚಿದಳು.

"ಪುಟ್ಟಿ, ಕೇಳು. ಇವತ್ತು ಏನಾಯ್ತು ಗೊತ್ತಾ? ರೆಕಾರ್ಡಿಂಗಲ್ಲಿ ಎಲ್ಲಾ ಗಪ್‌ಚಿಪ್ ಇದ್ದಾಗ ನನ್ನ ಹೊಟ್ಟೆ ಹುಲಿ ಥರ ಗುರ್ ಅಂತು. ಮಾಮ ನಕ್ಕು ನಕ್ಕು ಮೇಜಿಗೆ ತಲೆ ಚಚ್ಕೊಂಡ."

ಆ ಕಡೆ ಮೂಗಿನಿಂದ ಹೊರಟ ಒಂದು ಪುಸಕ್. "ಬೆಳಿಗ್ಗೆ ತಿಂಡಿ ತಿಂದಿರಲ್ಲ ನೀನು. ನಿನ್ನ ಬುದ್ಧಿ ನಂಗೊತ್ತಿಲ್ವಾ."

"ತಿಂದಿರಲಿಲ್ಲ ಕಣೆ."

"ಊರಿಗೆಲ್ಲಾ ಬುದ್ಧಿ ಹೇಳು, ನೀನು ಮಾತ್ರ ಖಾಲಿ ಹೊಟ್ಟೇಲಿರು."

"ಬೈ, ಬೈ. ನೀನು ಬಂದ್ಮೇಲೆ ಬೆಳಿಗ್ಗೆ ತಿಂಡಿ ನಿಂದೇ."

"ಬರ್ಲಾ ಅಕ್ಕ? ನಿಜ?"

"ಅತ್ತೆ ಮಾತ್ರೆಗೆ ಬೀಗ ಹಾಕ್ತೀವಿ. ಈಗಲೇ ಹೇಳ್ತಾ ಇದೀನಿ, ಆಮೇಲೆ ಬೇಜಾರು ಮಾಡ್ಕೋಬೇಡ."

"ಹಾಕಿ. ದೊಡ್ಡ ಬೀಗನೇ ಹಾಕಿ ಅಕ್ಕ." ದನಿ ಗಟ್ಟಿಯಾಗಿತ್ತು, ಆಮೇಲೆ ಸ್ವಲ್ಪ ಇಳಿಯಿತು. ಕೌನ್ಸೆಲರ್ ಹೊರಗೆ ಹೋದರೇನೋ, ಬಾಗಿಲು ಹಾಕಿದ ಸದ್ದು. "ಅಕ್ಕ, ನಂಗೆ ನಿದ್ದೆ ಬರ್ತಾ ಇಲ್ಲ. ಕೈ ಇನ್ನೂ ನಡುಗತ್ತೆ, ಲೋಟ ಹಿಡಿದ್ರೆ. ಒಂದೊಂದ್ಸಲ ಅದೇ ನೆನಪಾಗ್ತಿರತ್ತೆ, ದಿನವಿಡೀ. ಇಲ್ಲಿ ಯಾರಿಗೂ ಹೇಳಿಲ್ಲ."

ಕೇಳದೆಯೇ ಬಂದ ಮಾತು. ತಗ್ಗಿದ ದನಿ, ನೆಲಕ್ಕೆ ಹತ್ತಿರದ ದನಿ, ನಡುನಡುವೆ ಉಸಿರು ತೆಗೆದುಕೊಳ್ಳುವ ದನಿ. ಇದು ಯಾರು ಎಂದು ಅವಳು ಕೇಳಬೇಕಾಗಿರಲಿಲ್ಲ. ಎಷ್ಟು ಕಾಲದ ಮೇಲೆ ಪುಟ್ಟಿಯೇ ಫೋನಿಗೆ ಬಂದಿದ್ದಳು.

"ಹೂಂ," ಎಂದಳು. "ಲೋಟ ಬೇಡ, ಅಗಲದ ಬಟ್ಟಲು ಕೊಡ್ತೀನಿ. ಎರಡೂ ಕೈಲಿ ಹಿಡ್ಕೋ."

"ಮಗು ಥರ."

"ಮಗು ಥರಾನೇ. ಬಟ್ಟಲು ಬೀಳಿಸಿ ಅಳ್ತಿದ್ದೆಯಲ್ಲ, ಮರೆತುಹೋಯ್ತಾ?"

"ಬೀಳಿಸ್ತಿದ್ದವಳು ನೀನು. ಏಟು ತಿಂತಿದ್ದವಳು ನಾನು."

ಇಬ್ಬರೂ ನಕ್ಕರು. ಪುಟ್ಟಿಯ ನಗು ಒರಟಾಗಿತ್ತು, ಚೆಂದವಿರಲಿಲ್ಲ, ಬಳಸದೆ ಬಿಟ್ಟ ಕೊಳಾಯಿಯಿಂದ ಮೊದಲು ಗಾಳಿ, ಆಮೇಲೆ ಕೆಂಪು ನೀರು ಬರುವ ಹಾಗೆ. ಅಕ್ಕನಿಗೆ ಅದು ಹಿತವಾಗಿ ಕೇಳಿತು.

ಫೋನ್ ಇಟ್ಟು ಅವಳು ಬುತ್ತಿ ತೆರೆದು ಹೊಟ್ಟೆ ತುಂಬ ಉಂಡಳು. ಸೈಕಲ್ ಸೀಟುಗಳ ಮೇಲೆ ಬಿಸಿಲು ಮಿನುಗುತ್ತಿತ್ತು. ಒಂದು ಗುಬ್ಬಿ ಬಂದು ಬೆಂಚಿನ ಆ ತುದಿಯಲ್ಲಿ ಕೂತು ಹೋಯಿತು. ಕೈ ತೊಳೆದುಕೊಳ್ಳುತ್ತ ಅವಳು ಯೋಚಿಸಿದಳು: ಚೆನ್ನಾಗಿದೀಯಾ ಎಂದು ನಾನು ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ಉತ್ತರ ಹೇಳುತ್ತಿದ್ದದ್ದು ಪುಟ್ಟಿಯಲ್ಲ, ಅವಳ ಅಂಗಿ ತೊಟ್ಟು ಒಳಗೆ ಕೂತ ಅದೇ. ಅದನ್ನು ಕರೆಯುತ್ತಿದ್ದವಳು ನಾನೇ. ಪುಟ್ಟಿ ಹೊರಗೇ ನಿಂತಿರುತ್ತಿದ್ದಳು.

ಇನ್ನು ಕೇಳುವುದಿಲ್ಲ. ಸ್ನಾನ ಮುಗಿಸಿ ಬಂದಾಗಲೂ ಇಲ್ಲ, ಹೊರಗಿನಿಂದ ತಡವಾಗಿ ಬಂದಾಗಲೂ ಇಲ್ಲ, ಕಣ್ಣು ಕೆಂಪಗಿದ್ದಾಗಲೂ ಇಲ್ಲ. ತಿಂಡಿ ಆಯ್ತಾ ಎನ್ನಬಹುದು, ಬಟ್ಟೆ ಒಣಗಿತಾ ಎನ್ನಬಹುದು, ಬಾ ಇಲ್ಲಿ ದಾರ ಪೋಣಿಸು ಎನ್ನಬಹುದು. ಸಂದೇಹ ಬಂದರೆ ನೇರ ಕೌನ್ಸೆಲರಿಗೆ ಫೋನ್ ಮಾಡಬಹುದು. ಚೆನ್ನಾಗಿದೀಯಾ ಎಂದು ಮಾತ್ರ, ಬಾಯಿತಪ್ಪಿ ಕೂಡ, ಇನ್ನು ಆ ಹುಡುಗಿಯನ್ನು ಕೇಳುವುದಿಲ್ಲ. ಬೀಗದ ವಿಷಯ ಮನೆಯವರಿಗೆಲ್ಲ ಹೇಳಬೇಕು. ಕೇಳದಿರುವ ಈ ನಿರ್ಧಾರವನ್ನು ಗಂಡನಿಗೂ ಹೇಳಬೇಕಾಗಿಲ್ಲ, ಪುಟ್ಟಿಗಂತೂ ಅಲ್ಲವೇ ಅಲ್ಲ.

ಕೆಳಗಿಳಿದು ಹೋದಾಗ ಮಾಮ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು ಕಾಯುತ್ತಿದ್ದ. "ಏನಕ್ಕ, ಮುಖ ಬೆಳಗ್ತಾ ಇದೆ? ಏನು ವಿಶೇಷ?"

"ಊಟ ಆಯ್ತಲ್ಲ ಮಾಮ," ಎಂದು ಅವಳು ಗೂಡಿನೊಳಗೆ ಹೋಗಿ, ಬಳೆಗಳನ್ನು ಮತ್ತೆ ಬಿಚ್ಚಿ ಸೇಬಿನ ಪಕ್ಕ ಇಟ್ಟಳು. ಕೆಂಪು ದೀಪ ಹತ್ತಿತು. ಕೊಡಬೇಕಾಗಿದ್ದ ಮೌನವನ್ನು ಕೊಡಲು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಅಲುಗದೆ ಕೂತಳು.